ಗೇಮಿನ ಡಬ್ಬಿ ಮತ್ತು ಅತ್ತಿಯ ಬಳೆ

ಆಗಿನ ರಾಯಚೂರಿನಲ್ಲಿ ಬೇಸಿಗೆಯ ಮಧ್ಯಾಹ್ನ ಎಂದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುವ ಹೊತ್ತು. ಶಿವರಾತ್ರಿ ಮುಗಿಯುವುದೇ ತಡ, ಶಾಲೆಗಳು ಬೆಳಗಿನ ಹೊತ್ತಿಗೆ ಬದಲಾಗುತ್ತಿದ್ದವು. ಮನೆಗೆ ಬಂದು ರೊಟ್ಟಿ, ಪುಂಡಿಪಲ್ಯ ತಿಂದರೆ ಮುಗಿಯಿತು; ದೊಡ್ಡವರೆಲ್ಲ ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿ ಮಲಗಿಬಿಡುತ್ತಿದ್ದರು. ನಿದ್ದೆ ಬಾರದ ಮಕ್ಕಳಿಗೆ ಆ ಹೊತ್ತು ಎಷ್ಟು ಉದ್ದವೆಂದು ನಿಮಗೂ ಗೊತ್ತಿರಬೇಕು.

ನನ್ನೂರು ಗಬ್ಬೂರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಏಳನೇ ತರಗತಿ ಮುಗಿಸಿದ ಮೇಲೆ ಅಪ್ಪ ನನ್ನನ್ನು ಬಸ್ಸಿನಲ್ಲಿ ಕರೆತಂದು ರಾಯಚೂರಿನ ಸೋದರಮಾವನ ಮನೆಯಲ್ಲಿ ಬಿಟ್ಟರು. ‘ಇಲ್ಲಿ ಹೆಣ್ಮಕ್ಕಳ ಸಾಲಿ ಅದ, ಕಲೀಲಿ’ ಅಂದರು. ಕಲಿಯುವವಳನ್ನು ಯಾರೂ ಕೇಳಲಿಲ್ಲ. ಮಾವ ಒಳ್ಳೆಯವನೇ, ಆದರೆ ಮಾತು ಕಡಿಮೆ. ಶಾಲೆಯಲ್ಲಿ ಗೆಳತಿಯರೆಲ್ಲ ಮೊದಲೇ ಜೋಡಿಯಾಗಿ ಕೂತಿದ್ದರು, ನನ್ನ ಪಕ್ಕದ ಜಾಗ ವರ್ಷವಿಡೀ ಖಾಲಿಯೇ ಉಳಿಯಿತು. ಎಷ್ಟೋ ಸಂಜೆ ಹಾಲು ತರಲು ಹೋದಾಗ, ನನ್ನ ಧ್ವನಿಯನ್ನು ನಾನು ಅವತ್ತು ಮೊದಲ ಸಲ ಕೇಳುತ್ತಿದ್ದೇನೆ ಅನ್ನಿಸುತ್ತಿತ್ತು.

ಮಾವನಿಗೆ ಮನೆಯ ಮುಂದಿನ ಕೋಣೆಯಲ್ಲೇ ಸೋಡಾ ಅಂಗಡಿ. ಆ ವರ್ಷ ಆತ ಹೈದರಾಬಾದಿನಿಂದ ಒಂದು ವಿಡಿಯೋ ಗೇಮ್ ತರಿಸಿದ. ಕಪಾಟಿನಷ್ಟು ಎತ್ತರ. ಗಾಜಿನೊಳಗೆ ಬಿಳಿ ಅಂಗಿಯವನೊಬ್ಬ, ನೀಲಿ ಅಂಗಿಯವನೊಬ್ಬ ಎದುರುಬದುರು ನಿಂತು ಬಡಿದಾಡುತ್ತಿದ್ದರು. ಆಡುವವರಿಬ್ಬರೂ ಪಕ್ಕಪಕ್ಕ ನಿಂತು, ಎಡಗೈಯಿಂದ ಕೋಲು ತಿರುಗಿಸಿ ಬಲಗೈಯಿಂದ ಗುಂಡಿ ಒತ್ತಬೇಕು. ಮೊದಲು ಮೂರು ಪೆಟ್ಟು ಕೊಟ್ಟವರು ಗೆದ್ದಂತೆ. ಓಣಿಯವರೆಲ್ಲ ಅದನ್ನು ಗೇಮಿನ ಡಬ್ಬಿ ಎನ್ನುತ್ತಿದ್ದರು. ಸಂಜೆ ಹುಡುಗರ ಜಾತ್ರೆ ನೆರೆಯುತ್ತಿತ್ತು, ಹೆಣ್ಣುಮಕ್ಕಳು ಅತ್ತ ತಲೆ ಹಾಕುವಂತಿರಲಿಲ್ಲ. ನನ್ನಂತೆಯೇ ಒಳಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಇನ್ನೊಬ್ಬಳಿದ್ದಳು, ಮಾವನ ಹೆಂಡತಿ ನೀಲಾ ಅತ್ತಿ. ಮಾನ್ವಿಯಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಒಂದು ಮಧ್ಯಾಹ್ನ ಮಾವನ ಗೊರಕೆ ಶುರುವಾದ ಮೇಲೆ ಅತ್ತಿ ನನ್ನ ಹತ್ತಿರ ಬಂದಳು.

‘ಪಾರಿ, ನಿದ್ದಿ ಬರಾಕತ್ತದೇನು?’

‘ಇಲ್ಲತ್ತಿ.’

‘ನನಗೂ ಇಲ್ಲ. ಬಾ, ಆ ಡಬ್ಬಿ ಹೆಂಗ ಆಡ್ತಾರ ನೋಡೋಣು.’

ಅಂಗಡಿಯ ಬಾಗಿಲು ಹಾಕಿತ್ತು. ಡಬ್ಬಿಯ ಹಿಂದಿನ ಬೀಗ ತೆಗೆದು ಒಳಗಿನ ಒಂದು ತಂತಿ ಒತ್ತಿದರೆ ಎಂಟಾಣೆ ಹಾಕದೆಯೇ ಆಟ ಶುರುವಾಗುತ್ತಿತ್ತು. ಮಾವ ಮಾಡುವುದನ್ನು ಅತ್ತಿ ನೋಡಿಟ್ಟುಕೊಂಡಿದ್ದಳು. ಕಾದ ತಂತಿಯ ವಾಸನೆ, ಸೋಡಾದ ನಿಂಬೆ ವಾಸನೆ, ಅತ್ತಿ ಮುಡಿದ ಬಾಡಿದ ಮಲ್ಲಿಗೆ. ಈಗಲೂ ಈ ಮೂರರಲ್ಲಿ ಒಂದು ಸುಳಿದರೆ ಉಳಿದೆರಡು ತಾವಾಗಿಯೇ ಬರುತ್ತವೆ.

ಮೊದಲ ದಿನ ನಾನು ಸಿಕ್ಕ ಗುಂಡಿಯನ್ನೆಲ್ಲ ಬಡಿದೆ. ಅತ್ತಿಯ ನೀಲಿ ಅಂಗಿಯವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ, ಒಂದೇ ಒಂದು ಸಲ ಒದೆಯುತ್ತಿದ್ದ. ನಾನು ಸೋತೆ, ಮತ್ತೆ ಸೋತೆ, ಕೊನೆಗೆ ಅತ್ತುಬಿಟ್ಟೆ.

‘ಅಳೋದಿದ್ರ ನಾಳಿಗಿ ಬರಬ್ಯಾಡ’ ಅಂದಳು ಅತ್ತಿ. ‘ಯಾಕ ಸೋತಿ, ಅದು ಹೇಳು.’

‘ನೀ ಹೊಡದಿ.’

‘ನಾ ಎಲ್ಲಿ ಹೊಡದೀನಿ? ನೀನ ಬಂದು ಬಡಕೊಂಡಿ.’

ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ಸೋತವರು ಯಾಕೆ ಸೋತೆ ಎಂದು ಹೇಳದೆ ಮುಂದಿನ ಆಟವಿಲ್ಲ. ಹೇಳುತ್ತಿದ್ದವಳು ಯಾವಾಗಲೂ ನಾನೇ. ಹೇಳುತ್ತ ಹೇಳುತ್ತ ಕಲಿತೆ. ‘ಕೋಲು ಒನಕಿ ಹಿಡದಂಗ ಹಿಡೀಬ್ಯಾಡ, ಸೂಜಿ ಹಿಡದಂಗ ಹಿಡಿ’ ಎನ್ನುತ್ತಿದ್ದಳು. ನನ್ನವನನ್ನೇ ನೋಡುತ್ತ ನಿಲ್ಲಬಾರದು, ಅವಳವನನ್ನು ನೋಡಬೇಕು. ಹೊಡೆಯುವುದಕ್ಕಿಂತ ಮೊದಲು ತಪ್ಪಿಸಿಕೊಳ್ಳಲು ಬರಬೇಕು. ಎಲ್ಲಕ್ಕಿಂತ ಕಷ್ಟದ್ದು, ಸುಮ್ಮನೆ ನಿಂತು ಕಾಯುವುದು. ಹದಿಮೂರರ ಹುಡುಗಿಗೆ ಅದು ಎಲ್ಲಿಂದ ಬರಬೇಕು?

ಅತ್ತಿ ಅಡುಗೆಮನೆಯಲ್ಲಿದ್ದಾಗ ಒಬ್ಬಳೇ ಡಬ್ಬಿಯ ಎದುರು ಆಡಿ ನೋಡುತ್ತಿದ್ದೆ. ಡಬ್ಬಿಯದು ಗಿಣಿಪಾಠ, ಎರಡು ಗುದ್ದು, ಒಂದು ಒದೆ, ಮತ್ತೆ ಎರಡು ಗುದ್ದು. ಬೇಗನೆ ಅದನ್ನು ಸೋಲಿಸಿದೆ. ಸೋಲಿಸಿ ನಿಂತಾಗ ಖುಷಿಯೇ ಆಗಲಿಲ್ಲ. ಡಬ್ಬಿಗೆ ನಾನಾದರೇನು, ಓಣಿಯ ಹುಡುಗನಾದರೇನು, ಎಲ್ಲ ಒಂದೇ. ಅತ್ತಿ ಹಾಗಲ್ಲ, ಅವಳು ನನ್ನನ್ನು ನೋಡಿ ಆಡುತ್ತಿದ್ದಳು. ನಿನ್ನೆ ನಾನು ಮಾಡಿದ್ದು ಇವತ್ತು ಅವಳಿಗೆ ನೆನಪಿರುತ್ತಿತ್ತು. ನಾನು ಏನು ಮಾಡಬಹುದು ಎಂದು ಅಷ್ಟು ಗಮನವಿಟ್ಟು ಯೋಚಿಸಿದವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಆಗ ನನಗೊಂದು ಗುಟ್ಟು ಸಿಕ್ಕಿತು. ಒದೆಯುವ ಗುಂಡಿ ಒತ್ತುವ ಮುಂಚೆ ಅತ್ತಿಯ ಬಲಗೈ ಚೂರು ಮೇಲೇಳುತ್ತಿತ್ತು, ಗಾಜಿನ ಬಳೆಗಳು ಕಿಣ್ ಎನ್ನುತ್ತಿದ್ದವು. ಕಣ್ಣು ಮುಂದಿಟ್ಟು ಕಿವಿ ಪಕ್ಕಕ್ಕಿಟ್ಟೆ. ಕಿಣ್ ಎಂದೊಡನೆ ಹಿಂದೆ ಸರಿದೆ. ಅವಳ ಒದೆ ಗಾಳಿಗೆ ಹೋಯಿತು. ಎರಡು ಸಲ ಹಾಗಾದ ಮೇಲೆ ಅತ್ತಿ ನನ್ನನ್ನು ದಿಟ್ಟಿಸಿ ಬಳೆಗಳನ್ನು ಮೊಳಕೈವರೆಗೆ ಏರಿಸಿಕೊಂಡಳು. ಮತ್ತೆ ನಾನೇ ಸೋತೆ. ಆದರೆ ಅವತ್ತು ಇಡೀ ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ. ನನ್ನನ್ನು ಸೋಲಿಸಲು ಅವಳು ಬಳೆ ಏರಿಸಬೇಕಾಯಿತಲ್ಲ!

ಪರೀಕ್ಷೆ ಮುಗಿದು ಅಪ್ಪ ಕರೆದೊಯ್ಯಲು ಬಂದರು. ನಾನು ಬರಲಾರೆ ಎಂದೆ. ‘ಮಾಮನ ಮನಿ ಹಿಡಿಸ್ಯಾದ ಬಿಡು’ ಎಂದು ಸಂತೋಷಪಟ್ಟು ಅವರೊಬ್ಬರೇ ಬಸ್ಸು ಹತ್ತಿದರು. ಅತ್ತಿಯನ್ನು ಒಮ್ಮೆಯೂ ಗೆಲ್ಲದೆ ಊರಿಗೆ ಹೋಗುವುದು ಹೇಗೆ? ಅವಳಿಗೆ ಆಗ ಏಳನೇ ತಿಂಗಳು ಹತ್ತಿರವಾಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ. ಕುಬಸ, ಅಂದರೆ ಸೀಮಂತ, ಮುಗಿದರೆ ಅವಳನ್ನು ಮಾನ್ವಿಗೆ ಕರೆದೊಯ್ಯುತ್ತಾರೆಂದು ನನಗೆ ಗೊತ್ತಿತ್ತು.

ಕುಬಸದ ದಿನ ಮಾನ್ವಿಯವರು ಬುತ್ತಿ ಕಟ್ಟಿಕೊಂಡು ಬಂದರು. ಹೋಳಿಗೆ, ಕರ್ಚಿಕಾಯಿ, ಐದು ಬಗೆಯ ಅನ್ನ. ಅತ್ತಿಗೆ ಹಸಿರು ಸೀರೆ ಉಡಿಸಿ, ಎರಡೂ ಕೈ ತುಂಬ ಹಸಿರು ಬಳೆ ಇಟ್ಟು ಆರತಿ ಮಾಡಿದರು. ಸಂಜೆ ಹೊರಡುವುದೆಂದಾಯಿತು. ಉಂಡ ಜನ ಸಿಕ್ಕಲ್ಲಿ ಮಲಗಿದಾಗ ಅತ್ತಿ ನನಗೆ ಕಣ್ಸನ್ನೆ ಮಾಡಿದಳು.

ಹೊಟ್ಟೆ ಅಡ್ಡ ಬರುತ್ತಿದ್ದರಿಂದ ಅವಳು ಓರೆಯಾಗಿ ನಿಂತಳು. ಅವತ್ತು ಬಳೆ ಏರಿಸಲು ಜಾಗವೇ ಇರಲಿಲ್ಲ. ಪ್ರತಿ ಒದೆಗೂ ಇಡೀ ತೋಳು ಘಲ್ ಎನ್ನುತ್ತಿತ್ತು. ನಾನು ಎರಡು ಪೆಟ್ಟು ಕೊಟ್ಟೆ, ಎರಡು ತಿಂದೆ. ಕೊನೆಯ ಪೆಟ್ಟಿಗೆ ಆತುರಪಟ್ಟು ಮುಂದೆ ಹಾರಿದೆ. ಹಾರಿದ ಕೂಡಲೇ ತಪ್ಪು ತಿಳಿಯಿತು. ನನ್ನವನು ಎದೆ ತೆರೆದುಕೊಂಡು ಗಾಳಿಯಲ್ಲಿದ್ದ, ಎಷ್ಟೋ ಸಲ ನಾನು ಸೋತಿದ್ದು ಹೀಗೆಯೇ. ಬಳೆಯ ಸಪ್ಪಳಕ್ಕೆ ಕಾದೆ.

ಸಪ್ಪಳ ಆಗಲಿಲ್ಲ. ನನ್ನವನ ಕಾಲು ಅವಳವನಿಗೆ ತಾಕಿತು. ಡಬ್ಬಿ ಹಾಡಿತು.

‘ಗೆದ್ದಿ ನೋಡು’ ಅಂದಳು ಅತ್ತಿ. ‘ಇನ್ನ ನೀ ಯಾರ ಜೋಡಿಯಾದ್ರೂ ಆಡಬಹುದು.’

‘ನೀ ಹೊಡೀಲಿಲ್ಲ.’

‘ಹೊಡದೆ, ತಡ ಆತು.’

‘ಬಳಿ ಸಪ್ಪಳ ಆಗಲಿಲ್ಲ.’

ಅತ್ತಿ ಕೈಯೆತ್ತಿ ನನ್ನ ತಲೆ ಸವರಿದಳು. ಆಗ ಬಳೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಅಷ್ಟು ದಿನ ಆ ಡಬ್ಬಿಯ ಮುಂದೆ ಅವಳು ನನ್ನ ತಲೆ ಮುಟ್ಟಿದವಳಲ್ಲ. ನಾವಿಬ್ಬರೂ ಅಲ್ಲಿ ಸರಿಸಮ ನಿಂತವರು. ಆ ಗಳಿಗೆಯಲ್ಲಿ ಅವಳು ದೊಡ್ಡವಳಾದಳು, ನಾನು ಸಣ್ಣ ಹುಡುಗಿಯಾದೆ. ಸಂಜೆ ಅವಳ ಗಾಡಿ ಹೊರಟಾಗ ನಾನು ಹೊರಗೆ ಬರಲಿಲ್ಲ.

ಅವಳು ಮಗನನ್ನು ಎತ್ತಿಕೊಂಡು ಮರಳುವ ಹೊತ್ತಿಗೆ ಡಬ್ಬಿ ಇರಲಿಲ್ಲ. ಶಾಲೆ ತಪ್ಪಿಸುತ್ತಾರೆಂದು ಹುಡುಗರ ತಾಯಂದಿರು ಜಗಳ ತೆಗೆದಿದ್ದಕ್ಕೆ ಮಾವ ಅದನ್ನು ಮಾರಿದ್ದ. ಆ ಜಾಗದಲ್ಲಿ ತೊಟ್ಟಿಲು ಬಂತು. ಮಧ್ಯಾಹ್ನ ಅತ್ತಿಗೆ ಈಗ ನಿದ್ದೆ ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ.

ನಾನೀಗ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ನಾನು ಹೇಳಿದ್ದಕ್ಕೆ ಶಿಕ್ಷಕರು ‘ಆಗ್ಲಿ ಮೇಡಂ’ ಎನ್ನುತ್ತಾರೆ. ಮನೆಯಲ್ಲಿ ಮಗಳು ‘ನೀ ಹೇಳಿದ್ದ ಖರೆ ಬಿಡವ್ವ’ ಎಂದು ಮೊಬೈಲಿಗೆ ತಿರುಗುತ್ತಾಳೆ. ಎಲ್ಲರೂ ನನ್ನನ್ನು ಗೆಲ್ಲಿಸಿ ಎದ್ದು ಹೋಗುತ್ತಾರೆ. ಪಕ್ಕದಲ್ಲಿ ನಿಂತು, ಬಳೆ ಮೇಲೇರಿಸಿ, ನನ್ನನ್ನು ಸೋಲಿಸಲೇಬೇಕೆಂದು ಆಡಿದವಳು ಅವಳೊಬ್ಬಳೇ.

ಹೋದ ಬೇಸಿಗೆಯಲ್ಲಿ ಅತ್ತಿಯನ್ನು ನೋಡಲು ಹೋಗಿದ್ದೆ. ಮಾವ ತೀರಿಕೊಂಡ ಮೇಲೆ ಅವಳ ಕೈಯಲ್ಲಿ ಬಳೆಗಳಿಲ್ಲ. ಮಂಡಾಳ ಒಗ್ಗರಣಿ ತಿನ್ನುತ್ತ ಕೊನೆಗೂ ಕೇಳಿಬಿಟ್ಟೆ.

‘ಅವತ್ತು ಯಾಕ ಬಿಟ್ಟುಕೊಟ್ಟಿ ಅತ್ತಿ?’

ಯಾವತ್ತು ಎಂದು ಅವಳು ಕೇಳಲಿಲ್ಲ. ‘ನಾ ಹೋದ ಮ್ಯಾಲೆ ನೀ ಒಬ್ಬಾಕಿನ ಆಗ್ತಿದ್ದಿ. ಗೆದ್ದು ಖುಷಿಲೆ ಇರಲಿ ಅಂತ’ ಅಂದಳು.

‘ಸೋತಿದ್ರ,’ ನಾನಂದೆ, ‘ನೀ ತಿರುಗಿ ಬರೋ ತನಕ ಕಾಯಾಕ ನನಗೊಂದು ಕೆಲಸ ಇರ್ತಿತ್ತು.’