ನಮ್ಮ ಏರಿ, ಅವರ ಏರಿ

ನಮ್ಮ ಬೀದಿ ಕೆರೆಯ ಕೆಳಗಿದೆ. ಕೆರೆ ಕೋಡಿ ಬಿದ್ದರೆ ನೀರು ಮೊದಲು ವಿಚಾರಿಸಿಕೊಳ್ಳುವುದು ನಮ್ಮನ್ನೇ. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಹಾಗಾಗಿತ್ತಂತೆ. ನೀರು ಮಾರಮ್ಮನ ಗುಡಿಯ ಮೂರನೇ ಮೆಟ್ಟಿಲು ಮುಟ್ಟಿ, ಬೀದಿಯವರೆಲ್ಲ ದನಕರು ಹೊಡೆದುಕೊಂಡು ಕೆರೆ ಏರಿ ಹತ್ತಿ, ಅಲ್ಲೇ ಮುದ್ದೆ ತಿರುವಿದರಂತೆ. ಪ್ರತಿ ಸಲ ಹೇಳುವಾಗಲೂ ನೀರು ಒಂದು ಮೆಟ್ಟಿಲು ಮೇಲೆ ಹೋಗುತ್ತಿತ್ತು. ಈಚೀಚೆಗೆ ಅಮ್ಮನವರ ಮೂಗುತಿಯವರೆಗೂ ಬಂದಿತ್ತು.

ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಸಿದ ಟೀಚರಮ್ಮ ತಂಜಾವೂರು ಕಡೆಯವರು. ಪಾಯವನ್ನು ಎದೆಮಟ್ಟ ಎತ್ತಿಸಿ, ಸ್ಕೂಟರ್ ಹತ್ತಿಸಲು ಉದ್ದನೆ ಇಳಿಜಾರು ಮಾಡಿಸಿದ್ದರು.

"ಈ ಊರಾಗೆ ಕಪ್ಪೇಗೇ ಕುಡಿಯಾಕೆ ನೀರಿಲ್ಲ, ಈಯಮ್ಮ ಹಡಗು ಕಟ್ಟವ್ಳೆ" ಎಂದು ಅತ್ತೆ ಆಡಿಕೊಂಡಿದ್ದರು.

ಚಂಡಮಾರುತದ ಮಳೆ ಹಿಡಿದಾಗ ನಾನು ಕೃಷ್ಣಗಿರಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ಇಲ್ಲಿ ಅತ್ತೆ ಒಬ್ಬರೇ, ಹಿತ್ತಿಲ ಕೊಟ್ಟಿಗೆಯಲ್ಲಿ ತುಂಬುಗಬ್ಬದ ಹಸು. ಅತ್ತೆ ಫೋನ್ ಎತ್ತಲಿಲ್ಲ. ಮಳೆ ಬಂದರೆ ಅದನ್ನು ನೆನೆಯದಿರಲೆಂದು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿಯುತ್ತಾರೆ. ಕೊನೆಗೆ ಟೀಚರಮ್ಮನಿಗೆ ಫೋನ್ ಮಾಡಿ, ನನಗೆ ಬರುವ ತಮಿಳಿನಲ್ಲಿ, ಹಸುವನ್ನು ಬೇಗ ಏರಿಗೆ ಹೊಡೆದುಕೊಂಡು ಹೋಗಿ ಎಂದೆ.

"ಏರಿಕ್ಕಾ? ಏರಿಲ ಒರೇ ತಣ್ಣಿ, ಅಕ್ಕಾ!" ಎಂದರು. ಲೈನ್ ಕಡಿದುಹೋಯಿತು.

ಏರಿಯ ಮೇಲೇ ನೀರು! ಇನ್ನು ಊರು ಉಳಿದ ಹಾಗೇ ಎಂದು ಸಿಕ್ಕಿದ ಬಸ್ಸು ಹತ್ತಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ಕಂಡಕ್ಟರ್ ಏನಮ್ಮಾ ಎಂದು ಕೇಳಿದ. ಟೀಚರಮ್ಮನ ಮಾತನ್ನು ಹಾಗೇ ಒಪ್ಪಿಸಿದೆ.

"ಏರಿಲ ತಣ್ಣಿ ಇಲ್ಲಾಮ ಪಾಲಾ ಇರುಕ್ಕುಂ?" ಎಂದು ನಕ್ಕ. ಏರಿಯಲ್ಲಿ ನೀರಿರದೆ ಹಾಲಿರುತ್ತದೆಯೇ?

ಆಗ ಹೊಳೆಯಿತು. ತಮಿಳಿನಲ್ಲಿ ಏರಿ ಎಂದರೆ ಕೆರೆ, ನಮ್ಮ ಏರಿ ಅದರ ಕಟ್ಟೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಗಾಬರಿಯಲ್ಲಿ ನಾಲಗೆ ತವರಿಗೇ ಓಡುತ್ತದೆ. ಕಟ್ಟೆ ಭದ್ರವಾಗಿದೆ ಎಂದು ಉಸಿರು ಬಿಟ್ಟವಳು, ಮರುಗಳಿಗೆ ಉಸಿರು ಹಿಡಿದೆ. ಹಾಗಾದರೆ ನಾನು ಹೇಳಿದ್ದೇನು? ಗಬ್ಬದ ಹಸುವನ್ನು ಕೆರೆಗೆ ಇಳಿಸಿ ಎಂದು! ಟೀಚರಮ್ಮನಾದರೋ ಹೇಳಿದ ಕೆಲಸ ಹೇಳಿದ ಹಾಗೆ ಮಾಡುವವರು.

ಬೀದಿಯಲ್ಲಿ ಮೊಣಕಾಲುದ್ದ ಕೆಂಪು ನೀರು. ಕೊಟ್ಟಿಗೆಯಲ್ಲಿ ಅದಕ್ಕಿಂತ ಹೆಚ್ಚು. ಗೂಟ ಖಾಲಿ. ಅಷ್ಟರಲ್ಲಿ ಮೇಲಿನಿಂದ ಅತ್ತೆಯ ಬೈಗುಳ ಕೇಳಿಸಿತು. ಟೀಚರಮ್ಮನ ಟೈಲ್ಸ್ ಜಗಲಿಯ ಮೇಲೆ, ಸ್ಕೂಟರಿನ ಪಕ್ಕದಲ್ಲಿ, ನಮ್ಮ ಹಸು ಆಗತಾನೇ ಈದ ಕರುವನ್ನು ನೆಕ್ಕುತ್ತಿತ್ತು.

"ಏರಿಗೆ ಹೊಡೀತೀನಿ ಅಂದ್ರೆ ಈಯಮ್ಮ ಹಗ್ಗಾನೇ ಬಿಡ್ನಿಲ್ಲ ಕಣಮ್ಮಿ! ಹಸೀನೂ ಎಳ್ಕಂಡ್ಳು, ನನ್ನೂ ಎಳ್ಕಂಡ್ಳು!"

ಟೀಚರಮ್ಮನಿಗೆ ಕಣ್ಣಲ್ಲಿ ನೀರು. ಬಸುರಿ ಹಸುವನ್ನು ಕೆರೆಗೆ ತಳ್ಳು ಎಂದು ಸೊಸೆ ಫೋನಿನಲ್ಲಿ ಹೇಳುತ್ತಾಳೆ, ಅತ್ತೆ ಎದುರಿಗೇ ಹೇಳುತ್ತಾಳೆ, ಎಂಥ ಮನೆಯಪ್ಪಾ ಇದು ಎಂದು ತಮಿಳಿನಲ್ಲಿ ಗೋಳಾಡಿದರು. ನಾನು ಇಬ್ಬರ ನಡುವೆ ಕೂತು ಎರಡು ಏರಿಗಳನ್ನೂ ಬಿಡಿಸಿ ಹೇಳಿದೆ. ಅತ್ತೆ ಕೆರೆಯ ಕಡೆ ನೋಡಿದರು. ಏರಿಗೆ ಹೋಗುವ ಹಳೆಯ ದಾರಿಯಲ್ಲಿ ಕೋಡಿ ನೀರು ಸೊಂಟದುದ್ದ ನುಗ್ಗುತ್ತಿತ್ತು. ನಮ್ಮ ಏರಿಗೆಂದು ಹೊರಟಿದ್ದರೆ ಹಸುವೂ ಅತ್ತೆಯೂ ಅವರ ಏರಿಯ ನೀರಿನ ಪಾಲಾಗುತ್ತಿದ್ದರು.

ಮೊದಲ ಗಿಣ್ಣು ಟೀಚರಮ್ಮನ ಮನೆಗೇ ಹೋಯಿತು. ಟೈಲ್ಸ್ ಮೇಲಿನ ಸಗಣಿ ಅತ್ತೆಯೇ ತೊಳೆದರು, ನನಗೂ ಬಿಡಲಿಲ್ಲ.

ಈಗ ಮೋಡ ಕವಿದರೆ ಸಾಕು, ಅತ್ತೆ ಕಾಂಪೌಂಡ್ ಬಳಿ ನಿಂತು ಕೂಗುತ್ತಾರೆ:

"ಟೀಚರಮ್ಮಾ, ನಿಮ್ ಏರಿ ತುಂಬ್ತಾ ಐತೆ, ನಮ್ ಏರಿ ದೂರ ಐತೆ. ಆ ಸ್ಕೂಟರ್ ವಸಿ ಅತ್ಲಾಗೆ ಇಡ್ರಮ್ಮಾ!"