ನಲವತ್ತು ತೂತಿನ ಮನವಿ

ಹೋದ ವಾರದ ಸೋಮವಾರ ನಮ್ಮ ಕಾಲೇಜಿನ ಆಫೀಸಿನಲ್ಲಿ ಒಂದು ಗಂಭೀರ ಚರ್ಚೆ ನಡೆಯಿತು. ಒಂದು ಕಾಗದಕ್ಕೆ ಎಷ್ಟು ತೂತು ಬೇಕು?

ನಗಬೇಡಿ. ಹತ್ತೂಕಾಲಿಗೆ ಶುರುವಾದದ್ದು ಊಟದ ಹೊತ್ತಾದರೂ ಮುಗಿಯಲಿಲ್ಲ. (ನನ್ನ ಡೈರಿಯಲ್ಲಿ ಸಮಯ ಇದೆ. ನಡುವೆ ಎರಡು ಸಲ ಚಹಾ ಬಂದದ್ದೂ ಇದೆ.)

ವಿಷಯ ಇಷ್ಟೇ. ಅವತ್ತು ಬೆಳಿಗ್ಗೆ ಸಿಂದಗಿಯ ಅಂಗಡಿಯವನೊಬ್ಬ ಇಂಡಿಗೆ ಬಂದು, ನಮ್ಮ ಆಫೀಸಿನಲ್ಲಿ ಸ್ಪೈರಲ್ ಬೈಂಡಿಂಗ್ ಮಷಿನ್ ಇಟ್ಟು ಹೋಗಿದ್ದ. ಎಂಟು ದಿನ ಬಳಸಿ ನೋಡಿ, ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ವಾಪಸ್. ಅದರ ಸಾಧಕ ಬಾಧಕ ಬರೆದುಕೊಡುವ ಕೆಲಸವನ್ನು ಪ್ರಿನ್ಸಿಪಾಲರು ನನಗೆ ಹಚ್ಚಿದರು. ಆಫೀಸಿನಲ್ಲಿ ಎಣಿಸುವ ಚಟ ಇರುವವಳು ನಾನೊಬ್ಬಳೇ.

ವಿರೋಧ ಪಕ್ಷ ನಮ್ಮ ಹೆಡ್ ಕ್ಲಾರ್ಕ್ ಕುಲಕರ್ಣಿ ಕಾಕಾ. ಅವರ ಟೇಬಲ್ ಮೇಲೆ ಒಂದು ದಬ್ಬಣ, ಒಂದು ಕಟ್ಟು ಬಿಳಿ ಟ್ಯಾಗ್. ಕಾಗದದ ಎಡಮೂಲೆಗೆ ಒಂದೇ ತೂತು, ಅದರಲ್ಲಿ ಟ್ಯಾಗ್, ಮೇಲೊಂದು ಗಂಟು. ಫೈಲ್ ತಯಾರು.

"ಒಂದ ತೂತಿನ ಮ್ಯಾಲೆ ಮೂವತ್ತು ವರ್ಷ ನೌಕರಿ ಮಾಡೇನಿ. ಇದಕ್ಕ ನಲವತ್ತು ತೂತು ಯಾಕ ಬೇಕ್ರಿ? ಕಾಗದೋ, ಜರಡಿಯೋ?" ಎಂದರು ಕಾಕಾ.

"ನೋಡಾಕ ಚಂದ ಕಾಣತೈತಲ್ರಿ," ಎಂದರು ಪ್ರಿನ್ಸಿಪಾಲರು.

"ಯಾಕ್ರಿ, ಫೈಲ್ ನೋಡ್ಲಿಕ್ಕೆ ವರನ ಕಡೆಯವ್ರು ಬರಾವ್ರಿದ್ದಾರೇನು?"

ನಾನು ಬರೆದುಕೊಂಡೆ. ಸಾಧಕ: ಹಾಳೆ ಬೀಳುವುದಿಲ್ಲ, ಪೂರ್ತಿ ಮಡಚಿ ಓದಬಹುದು. ಬಾಧಕ: ನಡುವೆ ಒಂದು ಹಾಳೆ ಸೇರಿಸಬೇಕೆಂದರೆ ಇಡೀ ಸುರುಳಿ ಬಿಚ್ಚಬೇಕು. ಹಿಡಿಕೆ ಎಳೆದಾಗ ಬರುವ ಧಡಲ್ ಶಬ್ದಕ್ಕೆ ಪಕ್ಕದ ಕ್ಲಾಸಿನವರು ಗಂಟೆ ಹೊಡೆಯಿತೆಂದು ಎದ್ದುಬಿಡುತ್ತಾರೆ. (ಮಂಗಳವಾರ ಎರಡು ಸಲ, ಬುಧವಾರ ಮೂರು.) ಮೂರು ದಿನದಲ್ಲಿ ಕಟ್ಟಿದ್ದು ಹನ್ನೊಂದು ಪುಸ್ತಕ. ಕಾಲೇಜಿನವು ನಾಲ್ಕು. ಉಳಿದವುಗಳಲ್ಲಿ ಯಾರದೋ ಭಜನೆ ಹಾಡುಗಳಿದ್ದವು, ಪ್ರಿನ್ಸಿಪಾಲರ ಮನೆಯವರ ಉಪ್ಪಿನಕಾಯಿ ಬಗೆಗಳೂ ಇದ್ದವು. (ಇಂಡಿ ನಿಂಬೆಯ ಊರು. ನಿಂಬೆಹಣ್ಣಿಗೇ ಹದಿನಾಲ್ಕು ಪುಟ ಬೇಕೇ ಬೇಕು.)

ಗುರುವಾರ ನಿಜವಾದ ಕೆಲಸ ಬಂತು.

ತಾಂಬಾದಿಂದ ನಮ್ಮಲ್ಲಿಗೆ ಹದಿನೇಳು ಹುಡುಗಿಯರು ಬರುತ್ತಾರೆ. ಅವರ ಬಸ್ಸು ಇಂಡಿ ಮುಟ್ಟುವುದು ಒಂಬತ್ತೂ ಇಪ್ಪತ್ತಕ್ಕೆ. ಮೊದಲ ಪಿರಿಯಡ್ ಒಂಬತ್ತಕ್ಕೆ. ತಡವಾಗಿ ಬಂದವರಿಗೆ ಹಾಜರಿ ಇಲ್ಲ, ಅದು ನಿಯಮ. ಸೆಕೆಂಡ್ ಪಿಯುಸಿಯ ರೇಣುಕಾಗೆ ಮೊದಲ ಪಿರಿಯಡ್ಡಿನ ಫಿಸಿಕ್ಸ್‌ನಲ್ಲಿ ಹಾಜರಿ ಎಷ್ಟು ಕಡಿಮೆಯೆಂದರೆ, ಈ ತಿಂಗಳು ಸರಿಹೋಗದಿದ್ದರೆ ಹಾಲ್ ಟಿಕೆಟ್ಟೇ ಸಿಗದು. ಬಸ್ಸು ಅರ್ಧ ತಾಸು ಮುಂಚೆ ಬಿಟ್ಟರೆ ಸಾಕು. ಈ ಬಗ್ಗೆ ಪ್ರಿನ್ಸಿಪಾಲರು ಬಸ್ಸಿನ ಸಾಹೇಬರಿಗೆ ಮೂರು ಸಲ ಪತ್ರ ಬರೆದಿದ್ದರು. ಮೂರಕ್ಕೂ ಉತ್ತರವಿಲ್ಲ.

"ಈ ಸಲ ಪುಸ್ತಕ ಮಾಡಿ ಒಯ್ಯೋಣು. ವಜನ ಬರತೈತಿ," ಎಂದರು ಪ್ರಿನ್ಸಿಪಾಲರು.

ಅವರು ಇತಿಹಾಸದ ಮೇಷ್ಟ್ರು. ಒಂದನೇ ಪುಟಕ್ಕೆ ತಾಂಬಾ ಊರು ಹುಟ್ಟಿತು. ಒಂಬತ್ತನೇ ಪುಟಕ್ಕೆ ಕಾಲೇಜು ಹುಟ್ಟಿತು. ಆಮೇಲೆ ಸ್ತ್ರೀಶಿಕ್ಷಣದ ಮಹತ್ವ, ನಾನು ಮಾಡಿದ ಹಾಜರಿ ಕೋಷ್ಟಕ, ಸಹಿಗಳು. ಬಸ್ಸು ಬಂದದ್ದು ನಲವತ್ತೊಂದನೇ ಪುಟಕ್ಕೆ, ನಾಲ್ಕು ಸಾಲಿನಲ್ಲಿ.

ಕಟ್ಟುವವರಾರು? ಕಾಕಾ ಎದ್ದರು. "ಹುಡುಗ್ಯಾರ ಕೆಲಸ ಅದ. ತರ್ರಿ, ನಾನ ಕಟ್ಟತೇನಿ."

ಹತ್ತು ಹಾಳೆ ಒಟ್ಟಿಗೆ ಹಾಕಬಹುದು ಎಂದೆ. ಮಷಿನ್ ಮೇಲೆ ಅವರಿಗೆ ಅಷ್ಟು ನಂಬಿಕೆ ಎಲ್ಲಿಯದು? ಒಂದೊಂದೇ ಹಾಳೆಗೆ ತೂತು ಹೊಡೆದು, ಒಂದರ ಮೇಲೊಂದು ಇಟ್ಟು, ಸುರುಳಿ ಪೋಣಿಸಿದರು. ಮೇಲೆ ಚಂದದ ರಟ್ಟು. ನಾನು ಎರಡು ಸಲ ಎಣಿಸಿದೆ. ನಲವತ್ತೊಂದು, ಬರೋಬ್ಬರಿ.

ಶುಕ್ರವಾರ ಪ್ರಿನ್ಸಿಪಾಲರು, ಕಾಕಾ, ನಾನು ರೇಣುಕಾಳನ್ನೂ ಕರೆದುಕೊಂಡು ಸಾಹೇಬರ ಮುಂದೆ ನಿಂತೆವು. (ಯಾವ ಆಫೀಸು, ಯಾವ ಸಾಹೇಬರು ಎಂದು ಕೇಳಬೇಡಿ. ನಾನೂ ತಾಂಬಾದವಳೇ, ದಿನಾ ಅದೇ ಬಸ್ಸು ಹತ್ತಬೇಕು.) ಸಾಹೇಬರು ರಟ್ಟು ತೆರೆದರು.

ಮೊದಲ ಪುಟದ ಮೇಲೆ ನನ್ನದೇ ಅಕ್ಷರದಲ್ಲಿ ಪುಟಸಂಖ್ಯೆ: ನಲವತ್ತೊಂದು.

ಕೊನೆಯ ಪುಟ ಮೇಲೆ ಬಂದಿತ್ತು. ಕಾಕಾ ಕಟ್ಟುವ ಫೈಲಿನಲ್ಲಿ ಹೊಸ ಕಾಗದ ಮೇಲೆ, ಹಳೆಯದು ಕೆಳಗೆ. ಮೂವತ್ತು ವರ್ಷದ ಕೈ, ಮಷಿನ್ ಬಂತೆಂದು ಬದಲಾಗುತ್ತದೆಯೇ? ನಾನೋ, ಎಣಿಸಿದ್ದೆ. ನೋಡಿರಲಿಲ್ಲ.

"ಕಾಕಾ, ಉಲ್ಟಾ ಆಗೈತ್ರಿ!" ಎಂದು ಪಿಸುಗುಟ್ಟಿದೆ.

"ಉಲ್ಟಾ ಎಲ್ಲದ ತಂಗಿ? ಫೈಲ್ ಹಿಂಗ ಇರ್ತದ."

ಸಾಹೇಬರು ನಾಲ್ಕೂ ಸಾಲು ಓದಿ ತಲೆ ಎತ್ತಿದರು. "ಅರ್ಧ ತಾಸು ಮುಂಚೆ ಬಿಡಬೇಕು. ಇಷ್ಟ ಏನ್ರಿ?"

"ಇಷ್ಟ ರೀ ಸಾಹೇಬ್ರ," ಎಂದಳು ರೇಣುಕಾ.

"ಮತ್ತ ಮೊದಲ ಹೇಳಬಾರದೇನ್ರಿ? ನಿಮ್ಮ ಪತ್ರ ಬಂದಾಗೊಮ್ಮೆ ಮೊದಲನೇ ಹಾಳಿ ಓದೇನಿ. ಊರಿನ ಇತಿಹಾಸ ಐತಿ. ಬಸ್ ಎಲ್ಲೈತ್ರಿ ಅದರಾಗ?"

"ಇತಿಹಾಸ ಹೆಂಗ ಬಂದೈತ್ರಿ?" ಎಂದು ನಮ್ಮ ಪ್ರಿನ್ಸಿಪಾಲರು ಆಸೆಯಿಂದ ಕೇಳಿದರು.

ಸಾಹೇಬರು ಅಂಚಿನಲ್ಲಿ 'ಸೋಮವಾರದಿಂದ' ಎಂದು ಬರೆದು ಸಹಿ ಹಾಕಿದರು. ನಲವತ್ತನೇ ಪುಟವನ್ನು ಅರ್ಧ ಎತ್ತಿದರು. ಮುಚ್ಚಿದರು.

ವಾಪಸಾಗುವಾಗ ಪಕ್ಷಗಳು ಅದಲು ಬದಲಾದವು. "ಮಷಿನ್ ಭಾಳ ಚಲೋ ಅದರಿ. ಇಟ್ಕೊಳ್ಳೋಣು," ಎಂದರು ಕಾಕಾ. "ವಾಪಸ್ ಕಳಸ್ರಿ ಅದನ್ನ. ನಲವತ್ತು ಪುಟ ಬರದೇನಿ, ಒಂದಾದ್ರೂ ಓದಿದ್ರೇನು?" ಎಂದರು ಪ್ರಿನ್ಸಿಪಾಲರು. ಸಾಧಕ ಬಾಧಕದ ಪಟ್ಟಿ ಇನ್ನೂ ನನ್ನ ಡ್ರಾವರಿನಲ್ಲಿದೆ. ಈ ಜಗಳ ಮುಗಿಯದೆ ಕೊಡುವುದಿಲ್ಲ.

ಈ ಸೋಮವಾರ ಬಸ್ಸು ಎಂಟೂ ಐವತ್ತಕ್ಕೇ ಇಂಡಿ ಮುಟ್ಟಿತು. ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ರೇಣುಕಾ ಮೊದಲ ಬೆಂಚಿನಲ್ಲಿದ್ದಳು. ಹದಿನೇಳೂ ಹುಡುಗಿಯರು ಹಾಜರ್. ಎಣಿಸಿದೆ. ಈ ಸಲ ನೋಡಿದೆ ಕೂಡ.

ಒಂಬತ್ತೂ ಇಪ್ಪತ್ತಾದರೂ ಬಾರದವರು ಫಿಸಿಕ್ಸ್ ಲೆಕ್ಚರರು. ಅವರನ್ನು ಕಟ್ಟಿ ತರುವ ಮಷಿನ್ ಸಿಂದಗಿಯಲ್ಲಿ ಸಿಗುತ್ತದೆಯೇ?