ಎಲ್ಲರೂ ಜೂನ್ ಒಂದರಂದು ಹುಟ್ಟಿದವರು

ಪಾಸ್‌ವರ್ಡ್ ಬೇಡ, ಹುಟ್ಟಿದ ತಾರೀಖೇ ಸಾಕು ಎಂದು ಹೇಳಿದವರು ಯಾರು? ಬಹಳ ವರ್ಷ ನಾನು ಅದನ್ನು ಹಾಸ್ಟೆಲ್ ಆಫೀಸಿನ ಗುಮಾಸ್ತರ ತಲೆಗೆ ಕಟ್ಟಿ ಹೇಳುತ್ತಾ ಬಂದೆ. ಹೇಳಿದವನು ನಾನೇ. "ಮಕ್ಕಳು ನಂಬರ್ ಮರೀತಾರ್ರಿ, ಹುಟ್ಟಿದ ತಾರೀಖ ಮರ್ಯಾಂಗಿಲ್ಲ" ಎಂದಿದ್ದೆ, ಅದೂ ಜಂಬದಿಂದ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಂಗೂರನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ, ಸಣ್ಣಪುಟ್ಟ ವೆಬ್‌ಸೈಟ್ ಬರೆಯುತ್ತಿದ್ದೆ. ಹುಡುಗಿಯರ ಒಂದು ಹಾಸ್ಟೆಲ್‌ಗೂ ಬರೆದುಕೊಟ್ಟಿದ್ದೆ. ಜಾಗ ಸಿಕ್ಕವರ ಹೆಸರುಗಳು ಡೇಟಾಬೇಸ್‌ನಲ್ಲಿದ್ದವು. ಹುಡುಗಿ ತನ್ನ ಹೆಸರು, ಊರು, ತಾರೀಖು ಕೊಟ್ಟು ಒಳಗೆ ಹೋಗಿ 'ಒಪ್ಪಿಗೆ' ಒತ್ತಬೇಕು. ಕೊನೆಯ ದಿನ ಸಂಜೆ ಐದಕ್ಕೆ ಪಟ್ಟಿ ತಾನಾಗಿಯೇ ಆಫೀಸಿಗೆ ಹೋಗುತ್ತದೆ. ಒತ್ತದವಳ ಜಾಗ ಬೇರೆಯವಳಿಗೆ.

ಆ ಕೊನೆಯ ದಿನ ಮುಂಜಾನೆ ಮುಂಡಗೋಡ ಕಡೆಯ ಪಾಳಾ ಎಂಬ ಊರಿನ ಹುಡುಗಿಯೊಬ್ಬಳು ತಾಯಿಯೊಡನೆ ಕೇಂದ್ರಕ್ಕೇ ಬಂದಳು.

"ಸರ, ಒಳಗ ಬಿಡವಲ್ದ್ರಿ. ತಪ್ಪು ತಪ್ಪು ಅಂತೈತಿ."

ಮೊದಲು ಅವಳ ಬೆರಳನ್ನು ಅನುಮಾನಿಸಿದೆ. ಆಮೇಲೆ ಹೆಸರಿನ ಹಿಂದೆ ಉಳಿದಿರಬಹುದಾದ ಖಾಲಿ ಜಾಗವನ್ನು, ಆಮೇಲೆ ಬ್ರೌಸರನ್ನು. ತಾಸು ಹೊತ್ತಿನ ಮೇಲೆ, ನನ್ನ ಪುಟ ಡೇಟಾಬೇಸ್‌ಗೆ ಕೇಳುತ್ತಿದ್ದ ಪ್ರಶ್ನೆಯನ್ನೇ ಪರದೆಯ ಮೇಲೆ ಇಳಿಸಿ ನೋಡಿದೆ. ಉತ್ತರವಾಗಿ ಎರಡು ದಾಖಲೆ ಬಂದವು. ಅದೇ ಹೆಸರು, ಅದೇ ಊರು, ಅದೇ ಇಸವಿಯ ಅದೇ ಜೂನ್ ಒಂದು. ತಂದೆಯ ಹೆಸರು ಮಾತ್ರ ಬೇರೆ. ಇನ್ನೂ ಒಪ್ಪಿಗೆ ಒತ್ತದವರಲ್ಲಿ ಸರಿಯಾಗಿ ಒಂದೇ ದಾಖಲೆ ಸಿಕ್ಕರೆ ಒಳಗೆ ಬಿಡು, ಇಲ್ಲವಾದರೆ ತಪ್ಪೆನ್ನು ಎಂದು ನಾನು ಬರೆದಿದ್ದೆ.

ತಾಯಿ ನಕ್ಕಳು. "ಇಕಿ ಹುಟ್ಟಿದ್ದು ಶೀಗಿ ಹುಣ್ಣಿವಿ ಮರದಿನಾ ರೀ. ಸಾಲಿಗೆ ಹಚ್ಚೂ ಮುಂದ ಮಾಸ್ತರು ಎಲ್ಲಾರಿಗೂ ಜೂನ್ ಒಂದು ಅಂತ ಬರಕೊಂಡ್ರು. ಒಂದ ದಿನಾ ಊರತುಂಬ ಬಾಣಂತ್ಯಾರು ನೋಡ್ರಿ!"

ನನ್ನ ಶಾಲೆಯ ದಾಖಲೆಯಲ್ಲೂ ಜೂನ್ ಒಂದೇ ಇದೆ. ಪುಟ ಬರೆಯುವಾಗ ಅದು ಹೊಳೆದಿರಲಿಲ್ಲ.

"ಇನ್ನೊಬ್ಬಾಕಿ ಯಾರವಾ?"

"ಕ್ಲಾಸಿನ್ಯಾಗ ನನ್ನ ಬಾಜೂಕ ಕುಂದರ್ತಿದ್ಲರಿ. ಕೆಳಗಿನ ಓಣಿಯಾಕಿ."

ತಂದೆಯ ಹೆಸರನ್ನೂ ಕೇಳುವಂತೆ ಪುಟವನ್ನು ತಿದ್ದುವುದು ಸರಿಯಾದ ದಾರಿ. ಅದನ್ನು ಬರೆದು, ಪರೀಕ್ಷಿಸಿ, ಕಳಿಸುವಷ್ಟು ಹೊತ್ತು, ಇಂಟರ್‌ನೆಟ್ ಬರುತ್ತಿದ್ದ ನಮ್ಮ ಫೋನ್ ಲೈನು ಕಡಿಯದೆ ನಿಲ್ಲುತ್ತಿರಲಿಲ್ಲ. ಹತ್ತಿರದ ದಾರಿ ಹಿಡಿದೆ. ಇನ್ನೊಬ್ಬಳ ತಾರೀಖನ್ನು ಜೂನ್ ಎರಡು ಮಾಡಿದೆ. ಇವಳಿಗೆ ಬಾಗಿಲು ತೆರೆಯಿತು. ಒಪ್ಪಿಗೆ ಒತ್ತಿದವಳು ಏಳಲಿಲ್ಲ.

"ಅಕೀದು ಮತ್ತ ಸರಿ ಮಾಡ್ತೀರಲ್ರಿ?"

"ಈಗಿಂದೀಗ ಮಾಡ್ತೀನಿ."

ಅಷ್ಟರಲ್ಲಿ ಲೈನು ಕಡಿಯಿತು ಎಂದು ಹೇಳಿಕೊಂಡಿದ್ದೇನೆ. ಊಟಕ್ಕೆ ಎದ್ದುಹೋಗಿ ಮರೆತದ್ದೂ ಇರಬಹುದು. ಊಟದ ನೆನಪು ಸ್ಪಷ್ಟವಾಗಿದೆ, ಲೈನು ಕಡಿದದ್ದು ಅಷ್ಟು ಸ್ಪಷ್ಟವಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು. ಪುಟದ ಕೆಳಗೆ ನಮ್ಮ ನಂಬರ್ ಇತ್ತು.

"ಸರ, ಮುಂಡಗೋಡದಿಂದ ಮಾತಾಡ್ತೇನ್ರಿ, ಕಂಪ್ಯೂಟರ್ ಅಂಗಡಿ ಬಾಜೂನ ಬೂತಿನಿಂದ. ನಂದು ತಪ್ಪು ಅಂತೈತ್ರಿ." ಹೆಸರು ಹೇಳಿದಳು. ಊರು ಪಾಳಾ.

"ಒಂದರ ಬದಲಿ ಎರಡು ಹಾಕವಾ. ಜೂನ್ ಎರಡು."

"ಅದು ಸುಳ್ಳಾಕ್ಕೈತ್ರಿ. ಮಾರ್ಕ್ಸ್ ಕಾರ್ಡಿನ್ಯಾಗ ಒಂದೈತಿ. ಬ್ಯಾರೆ ಹಾಕಿದ್ರ ರದ್ದು ಮಾಡ್ತೇವಿ ಅಂತ ಪೇಜಿನ್ಯಾಗ ಬರದೀರಲ್ರಿ."

ಬರೆದಿದ್ದೆ, ಕೆಂಪಕ್ಷರದಲ್ಲಿ.

"ಹಂಗಾರ ಫೋನ್ ಇಡು. ನಾನ ಸರಿ ಮಾಡ್ತೀನಿ."

"ಇಡಬ್ಯಾಡ್ರಿ ಸರ! ಅರ್ಧಾ ತಾಸಿನಿಂದ ಹಚ್ಚಾಕತ್ತೇನಿ, ಈಗ ಹತ್ತೈತಿ. ಇಟ್ರ ಮತ್ತ ನೀವು ಎತ್ತಾಂಗಿಲ್ಲ."

ಇಂಟರ್‌ನೆಟ್ಟಿಗೂ ಫೋನಿಗೂ ನಮ್ಮಲ್ಲಿ ಇದ್ದದ್ದು ಒಂದೇ ಲೈನು. ಅವಳ ದನಿ ಅದರಲ್ಲಿರುವವರೆಗೆ ಅವಳ ದಾಖಲೆಯ ಹತ್ತಿರ ನಾನು ಹೋಗುವಂತಿರಲಿಲ್ಲ. ಇದನ್ನು ಅವಳಿಗೆ ಹೇಳಿದೆ, ಮತ್ತೆ ಹೇಳಿದೆ. ಸಾಗಹಾಕುತ್ತಿದ್ದೇನೆ ಎಂದೇ ಅವಳು ತಿಳಿದಳು. ನನ್ನ ನೆನಪಿನಲ್ಲಿ ಆ ಮಾತೆಲ್ಲ ಒಂದೇ ನಿಮಿಷ. ಗಡಿಯಾರದಲ್ಲಿ ಹಾಗಿರಲಿಲ್ಲ. ಕೊನೆಗೆ ಅವಳು ಮಾತಾಡುತ್ತಿರುವಾಗಲೇ ಫೋನ್ ಇಟ್ಟುಬಿಟ್ಟೆ.

ಮೋಡೆಮ್ ಕಿರುಚಿತು, ಸುಮ್ಮನಾಯಿತು, ಮತ್ತೆ ಕಿರುಚಿತು. ಮೂರನೇ ಸಲಕ್ಕೆ ಹಿಡಿಯಿತು ಎನ್ನುತ್ತೇನೆ. ಕಥೆಗೆ ಒಪ್ಪುವ ಸಂಖ್ಯೆ, ಅದಕ್ಕೇ ನಂಬಿಕೆಯಿಲ್ಲ. ಅವಳ ದಾಖಲೆ ತೆರೆದಾಗ ಐದು ದಾಟಿತ್ತು. ಪಟ್ಟಿ ಹೋಗಿತ್ತು. ಒಪ್ಪಿಗೆಯ ಕಾಲಂ ಖಾಲಿ. ಆದರೂ ಜೂನ್ ಎರಡನ್ನು ಅಳಿಸಿ ಜೂನ್ ಒಂದು ಮಾಡಿದೆ, ಬೇರೇನು ಮಾಡಬೇಕೆಂದು ತಿಳಿಯದೆ.

ಇಂಟರ್‌ನೆಟ್ ಕಡಿದೊಡನೆ ಫೋನ್ ರಿಂಗಾಯಿತು.

"ಸರ, ಈಗ ಹಾಕ್ಲೇನ್ರಿ?"